ಬೆಂಡು ಮುಳುಗುವ ತನಕ

ನಾಲ್ಕು ವರ್ಷದ ಮಗುವಿನ ಕೈಗೊಂದು ಕೋಲು ಕೊಟ್ಟು ನೀರಿನ ಹತ್ತಿರ ನಿಲ್ಲಿಸಿ ನೋಡಿ. ಯಾರೂ ಹೇಳಿಕೊಡಬೇಕಿಲ್ಲ, ಕೋಲು ನೀರಿಗಿಳಿಯುತ್ತದೆ. ಬಚ್ಚಲ ಬಕೆಟ್ಟಾದರೂ ಸರಿ, ಮಳೆನೀರು ನಿಂತ ಗುಂಡಿಯಾದರೂ ಸರಿ. ಮಗು ಕಲಕುತ್ತದೆ, ತಳ ಸಿಗುತ್ತದೆಯೇ ಎಂದು ಚುಚ್ಚಿ ನೋಡುತ್ತದೆ, ತೇಲುವ ಎಲೆಯನ್ನು ಎಳೆದು ದಡಕ್ಕೆ ತರುತ್ತದೆ. ಆ ಕೋಲಿನ ತುದಿಗೆ ಒಂದು ದಾರ ಕಟ್ಟಿಕೊಟ್ಟರೆ ಮೀನು ಹಿಡಿಯುವ ಕೆಲಸ ಶುರುವಾಯಿತು ಎಂದೇ ಲೆಕ್ಕ. ನಮ್ಮ ಕೆರೆ, ಹಳ್ಳ, ಹೊಳೆಗಳ ಪಕ್ಕದ ಊರುಗಳಲ್ಲಿ ಮಕ್ಕಳು ಹೀಗೆ ಗಾಳ ಹಿಡಿದುಕೊಂಡೇ ಬೆಳೆದವರು. ಶಾಲೆ ತಪ್ಪಿಸಿ ಮೀನಿಗೆ ಹೋಗಿ ಬೆನ್ನಿಗೆ ಪೆಟ್ಟು ತಿಂದವರೂ ಬಹಳ ಮಂದಿ. ಶಾಲೆ ಬೇರೆ, ಗಾಳ ಬೇರೆ ಎಂದು ನಾವು ಎಂದೋ ತೀರ್ಮಾನಿಸಿಬಿಟ್ಟಿದ್ದೇವೆ. ಎಳೆಯ ಮಕ್ಕಳ ಕಲಿಕೆಗೆ ಗಾಳದಷ್ಟು ಅಗ್ಗದ, ಗಾಳದಷ್ಟು ಒಳ್ಳೆಯ ಸಾಧನ ಸಿಗುವುದು ಕಷ್ಟ ಎಂಬುದನ್ನು ಇವತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಯಾಕೆ ಹಾಗೆ? ತರಗತಿಯಲ್ಲಿ ಮಗು ಕೇಳುವ ಪ್ರಶ್ನೆಗಿಂತ ನಾವು ಮಗುವಿಗೆ ಕೇಳುವ ಪ್ರಶ್ನೆಗಳೇ ಹೆಚ್ಚು. ಉತ್ತರ ಸರಿಯೋ ತಪ್ಪೋ ಎಂದು ಹೇಳುವವರು ಮೇಷ್ಟ್ರು. ಹಾಗಾಗಿ ಮೇಷ್ಟ್ರ ಮುಖ ನೋಡಿ ಉತ್ತರ ಹೇಳುವ ಜಾಣತನವನ್ನು ಮಕ್ಕಳು ಬಹಳ ಬೇಗ ಕಲಿತುಬಿಡುತ್ತಾರೆ. ಗಾಳದ ಮುಂದೆ ಈ ಜಾಣತನ ನಡೆಯುವುದಿಲ್ಲ. ಎರೆಯನ್ನು ಸರಿಯಾಗಿ ಚುಚ್ಚದಿದ್ದರೆ ಮೀನು ಎರೆಯಷ್ಟನ್ನೇ ಕಿತ್ತು ತಿಂದು ಹೋಗುತ್ತದೆ. ದಡದ ಮೇಲೆ ದಡದಡ ಓಡಿದರೆ ಹತ್ತಿರವೇ ಸುಳಿಯುವುದಿಲ್ಲ. ಸರಿ ತಪ್ಪು ಹೇಳುವುದು ನೀರು. ನೀರಿಗೆ ಮುಖದಾಕ್ಷಿಣ್ಯವಿಲ್ಲ, ಸಿಟ್ಟೂ ಇಲ್ಲ. ತಪ್ಪಿದರೆ ಬೈಯುವವರಿಲ್ಲವಾದ್ದರಿಂದ ಮಗು ಇನ್ನೊಂದು ಸಲ ಎರೆ ಏರಿಸುತ್ತದೆ, ಈ ಸಲ ಸ್ವಲ್ಪ ಬೇರೆ ಥರ. ವಿಜ್ಞಾನ ಎಂದು ನಾವು ದೊಡ್ಡ ಹೆಸರಿಟ್ಟು ಕರೆಯುವುದು ಈ ಎರಡನೆಯ ಸಲವನ್ನೇ.

ಮೂರರಿಂದ ಐದಾರು ವರ್ಷದ ಮಕ್ಕಳನ್ನು ಕೆರೆಗೆ ಕರೆದೊಯ್ಯಬೇಕಾಗಿಲ್ಲ. ಅವರಿಗೆ ಕೆರೆಯನ್ನೇ ಅಂಗನವಾಡಿಗೆ ತರಬಹುದು. ಹಳೆಯ ಮದುವೆ ಕರೆಯೋಲೆಗಳು ಯಾರ ಮನೆಯಲ್ಲಿಲ್ಲ? ಅವನ್ನು ಮೀನಿನ ಆಕಾರಕ್ಕೆ ಕತ್ತರಿಸಿ, ಬಣ್ಣ ಹಚ್ಚುವ ಕೆಲಸವನ್ನು ಮಕ್ಕಳಿಗೇ ಬಿಡಿ. ಪ್ರತಿ ಮೀನಿನ ಮೂತಿಗೆ ಕಾಗದ ಸಿಕ್ಕಿಸುವ ಕಬ್ಬಿಣದ ಕ್ಲಿಪ್ ಒಂದು. ಕೋಲಿನ ತುದಿಗೆ ಒಂದು ಮೊಳ ದಾರ, ದಾರದ ತುದಿಗೆ ಅಯಸ್ಕಾಂತ. ಕೆಟ್ಟುಹೋದ ಟ್ರಾನ್ಸಿಸ್ಟರಿನ ಸ್ಪೀಕರಿನಲ್ಲಿ ಒಳ್ಳೆಯ ಅಯಸ್ಕಾಂತವಿರುತ್ತದೆ. ದಯವಿಟ್ಟು ಈ ಭಾಷಣ ಕೇಳುತ್ತಿರುವ ರೇಡಿಯೋವನ್ನು ಬಿಚ್ಚಬೇಡಿ, ಕೆಟ್ಟದ್ದನ್ನೇ ಹುಡುಕಿ! ಒಂದು ಎಚ್ಚರಿಕೆಯ ಮಾತು: ಅಯಸ್ಕಾಂತ ಮಗು ನುಂಗಲಾಗದಷ್ಟು ದೊಡ್ಡದಿರಬೇಕು. ಅಂಗಿ ಗುಂಡಿಯಷ್ಟು ಚಿಕ್ಕ, ಬಲವಾದ ಅಯಸ್ಕಾಂತಗಳು ಬೇಡವೇ ಬೇಡ. ಅಂಥವು ಎರಡು ಹೊಟ್ಟೆಗೆ ಹೋದರೆ ಕರುಳನ್ನು ನಡುವೆ ಸಿಕ್ಕಿಸಿಕೊಂಡು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಜೀವಕ್ಕೇ ಅಪಾಯ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಒಂದು ಗೆರೆ ಎಳೆದರೆ ಕೆರೆ ಸಿದ್ಧ. ಈಗ ಮಕ್ಕಳ ಕೈಯನ್ನು ಗಮನಿಸಿ. ದಾರ ತೂಗಾಡುತ್ತದೆ. ಮಗು ಅವಸರಪಟ್ಟಷ್ಟೂ ಅದರ ತೂಗಾಟ ಹೆಚ್ಚು. ಎರಡು ಮೂರು ಸಲ ತಪ್ಪಿದ ಮೇಲೆ ಮಗು ಉಸಿರು ಬಿಗಿಹಿಡಿದು ಮಣಿಕಟ್ಟನ್ನು ನಿಲ್ಲಿಸುತ್ತದೆ, ದಾರವೂ ನಿಲ್ಲುತ್ತದೆ, ಕ್ಲಿಪ್ ಟಕ್ಕನೆ ಅಂಟಿಕೊಳ್ಳುತ್ತದೆ. ಬೆರಳು, ಮಣಿಕಟ್ಟು, ಕಣ್ಣು ಮೂರೂ ಒಂದಾಗುವ ಈ ಅಭ್ಯಾಸವೇ ಮುಂದೆ ಪೆನ್ಸಿಲ್ ಹಿಡಿಯುವುದಕ್ಕೆ ಬೇಕಾದದ್ದು. ಅಕ್ಷರ ತಿದ್ದಿಸುವ ಮೊದಲು ಮೀನು ಹಿಡಿಸಿದರೆ ನಷ್ಟವೇನಿಲ್ಲ, ಲಾಭವೇ.

ಆಮೇಲೆ ಆಟವನ್ನು ಬೇಕಾದ ಹಾಗೆ ಬೆಳೆಸಬಹುದು. ಮೀನಿನ ಮೇಲೆ ಅಂಕಿ ಬರೆದರೆ ಎಣಿಕೆ ಬಂತು. ಎರಡು ಮೀನು ಸೇರಿ ಹತ್ತಾಗಬೇಕು ಎಂದರೆ ಕೂಡುವ ಲೆಕ್ಕ ಬಂತು. ಅಕ್ಷರ ಬರೆದರೆ ಹಿಡಿದ ಮೀನುಗಳಿಂದ ಪದ ಕಟ್ಟಬಹುದು. ನಾಲ್ಕೈದು ಮೀನುಗಳಿಗೆ ಬೇಕೆಂದೇ ಕ್ಲಿಪ್ ಬದಲು ಹಿತ್ತಾಳೆಯ ಗುಂಡಿ, ಪ್ಲಾಸ್ಟಿಕ್ ಗುಂಡಿ ಅಂಟಿಸಿಡಿ. ಅವು ಎಷ್ಟು ಪ್ರಯತ್ನಪಟ್ಟರೂ ಮೇಲೇಳುವುದಿಲ್ಲ. “ಇದ್ಯಾಕೆ ಹತ್ತಲ್ಲ ಮಿಸ್?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಉತ್ತರ ಹೇಳಿಬಿಡಬೇಡಿ. ಅಯಸ್ಕಾಂತವನ್ನು ಮಗುವಿನ ಕೈಗೆ ಕೊಟ್ಟು ಕೋಣೆಯೆಲ್ಲ ಸುತ್ತಿ ಬರಲು ಹೇಳಿ. ಬಾಗಿಲ ಚಿಲಕ, ಸೇಫ್ಟಿ ಪಿನ್ನು, ಬೆಂಚಿನ ಮೊಳೆ ಎಲ್ಲವನ್ನೂ ಮುಟ್ಟಿಸಿ ನೋಡಿ ಬಂದ ಮಗು ತನ್ನ ಉತ್ತರವನ್ನು ತಾನೇ ಹೇಳುತ್ತದೆ.

ಇದೇನು ಹೊಸ ಸಂಶೋಧನೆಯಲ್ಲ. ಆಡುತ್ತ ಕಲಿಯುವ ನಮ್ಮ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹರಿಯುವ ನಾಡಿನಲ್ಲಿ, ಶುರುವಾದದ್ದು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದವರೆಗಿನ ಮಕ್ಕಳಿಗೆ ಆಟವೇ ಕಲಿಕೆಯ ದಾರಿ ಎನ್ನುತ್ತದೆ. ಕಾಗದದ ಮೇಲೆ ಒಪ್ಪಿದ್ದನ್ನು ಕೈಯಲ್ಲಿ ಮಾಡುವುದಷ್ಟೇ ಬಾಕಿ.

ಆರೇಳು ವರ್ಷ ತುಂಬಿದ ಮೇಲೆ ನಿಜವಾದ ನೀರಿನ ಬಳಿಗೆ ಹೋಗಬಹುದು. ತಯಾರಿಯೇ ಅರ್ಧ ಪಾಠ. ಎರೆಹುಳು ಬೇಕೆಂದರೆ ಎಲ್ಲಿ ಅಗೆಯಬೇಕು? ಒಣಗಿದ ಅಂಗಳದಲ್ಲಿ ಸಿಗುವುದಿಲ್ಲ, ಬಚ್ಚಲ ನೀರು ಹರಿಯುವ ಬಾಳೆಗಿಡದ ಬುಡದಲ್ಲಿ ಸಿಗುತ್ತದೆ. ಹುಳಕ್ಕೆ ಹಸಿಮಣ್ಣು ಬೇಕು ಎಂಬುದು ಪುಸ್ತಕವಿಲ್ಲದೆ ಗೊತ್ತಾಯಿತು. ಹುಳ ಮುಟ್ಟಲು ಅಳುಕುವ ಮಕ್ಕಳಿಗೆ ಗೋಧಿಹಿಟ್ಟಿನ ಉಂಡೆ ಸಾಕು. ರಾಗಿಮುದ್ದೆಯೂ ನಡೆಯುತ್ತದೆ. ಕಾವೇರಿಯ ಭಾರೀ ಮಹಶೀರ್‌ಗಳನ್ನು, ನಮ್ಮ ಕಡೆ ಬಿಳಿಮೀನು ಎನ್ನುತ್ತಾರಲ್ಲ ಅವನ್ನು, ದೇಶವಿದೇಶಗಳಿಂದ ಬಂದ ಗಾಳಗಾರರು ಹಿಡಿಯುತ್ತಿದ್ದದ್ದು ಇದೇ ರಾಗಿಯ ಉಂಡೆಯಿಂದ.

ಬಿದಿರ ಕೋಲು, ನೈಲಾನ್ ದಾರ, ಸೀಸದ ಗುಂಡು, ಬೆಂಡು, ಗಾಳ. ಇಷ್ಟೇ ಸಾಮಾನು. ಬೆಂಡು ತೇಲುತ್ತದೆ, ಗುಂಡು ಮುಳುಗುತ್ತದೆ. ಎರಡರ ನಡುವೆ ಎಷ್ಟು ದಾರ ಬಿಟ್ಟಿದ್ದೀರೋ ಎರೆ ಅಷ್ಟು ಆಳದಲ್ಲಿ ನಿಲ್ಲುತ್ತದೆ. ಗುಂಡು ಭಾರವಾದರೆ ಬೆಂಡೂ ಮುಳುಗಿಹೋಗುತ್ತದೆ, ಸರಿಯಾದದ್ದು ಸಿಗುವ ತನಕ ಬದಲಾಯಿಸಬೇಕು. ಗಾಳದ ಮೊನೆಯ ಒಳಗಡೆ ಹಿಂದಕ್ಕೆ ಚಾಚಿಕೊಂಡ ಚಿಕ್ಕ ಮುಳ್ಳೊಂದಿರುತ್ತದೆ. ಅದನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಮೀನಿನ ಬಾಯಿಂದಲೂ ಸಲೀಸಾಗಿ ಬರುತ್ತದೆ, ಅಪ್ಪಿತಪ್ಪಿ ಬೆರಳಿಗೆ ಚುಚ್ಚಿದರೆ ಬೆರಳಿನಿಂದಲೂ ಬರುತ್ತದೆ.

ಇನ್ನು ಕಾಯುವುದು. ಮಂಡ್ಯದ ಕಡೆ ಒಂದು ಕೆರೆ ಏರಿಯ ಮೇಲೆ ಅಜ್ಜ, ಮೊಮ್ಮಗಳು ಗಾಳ ಹಾಕಿ ಕೂತಿದ್ದರು. ಹುಡುಗಿಗೆ ಏಳು ವರ್ಷವಿದ್ದೀತು. ಅವರ ಮಾತು ಹೀಗೆ ನಡೆದಿತ್ತು.

“ಅಜ್ಜಾ, ಬೆಂಡು ಅಲ್ಲಾಡ್ತದೆ!”

“ಅಲ್ಲಾಡ್ಲಿ ಬುಡವ್ವ. ಮುಳುಗೋ ತಂಕ ಕೋಲ್ ಎತ್ಬ್ಯಾಡ.”

“ಯಾಕ್ ಮುಳುಗ್ತಿಲ್ಲ?”

“ಪಕ್ಕೆ ಮರಿ ಕಣವ್ವ. ಅದ್ರ ಬಾಯಿ ಎಷ್ಟಗಲ ಐತೆ? ಸುಮ್ಕೆ ಕುಟುಕ್ತಾ ಅದೆ. ದೊಡ್ಡದಾಗಿದ್ರೆ ಒಂದೇ ಏಟ್ಗೆ ಎಳ್ಕಂಡೋಗದು.”

ಹುಡುಗಿ ಆಮೇಲೆ ಪ್ರತಿ ಸಲ ಬೆಂಡು ಕುಣಿದಾಗಲೂ “ಇದು ಚಿಕ್ಕುದು”, “ಇದು ಸುಮ್ನೆ ಗಾಳಿ” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳತೊಡಗಿದಳು. ಕಣ್ಣಿಗೆ ಕಾಣದ ಮೀನನ್ನು ಬೆಂಡಿನ ಕುಣಿತದಿಂದ ಊಹಿಸುವುದು, ಊಹೆ ಸರಿಯೇ ಎಂದು ಕಾದು ನೋಡುವುದು: ಆ ಅಜ್ಜ ಕಲಿಸಿದ್ದು ಅದನ್ನು. ಗಾಳ ಹಿಡಿದವಳು ಹುಡುಗಿ ಎಂಬುದನ್ನೂ ಗಮನಿಸಿ. ಗಂಡುಮಕ್ಕಳಿಗಷ್ಟೇ ಕೋಲು ಕೊಟ್ಟು ಹೆಣ್ಣುಮಕ್ಕಳಿಗೆ ಮೀನು ತೊಳೆಯುವ ಕೆಲಸ ಕೊಡುವ ರೂಢಿಯನ್ನು ನಾವು ಬಿಡಬೇಕು.

ಮೀನು ಸಿಕ್ಕಿತು ಅನ್ನಿ. ಮೊದಲು ಕೈ ಒದ್ದೆ ಮಾಡಿಕೊಳ್ಳಲಿ. ಒಣಗೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಹೋಗುತ್ತದೆ, ರೋಗದಿಂದ ಅದನ್ನು ಕಾಯುವುದೇ ಆ ಲೋಳೆ. ಮೀನನ್ನು ಮೇಲೆತ್ತಿದ ಕೂಡಲೇ ಮಗುವಿಗೂ ಉಸಿರು ಬಿಗಿಹಿಡಿಯಲು ಹೇಳಿ. ತನಗೆ ಉಸಿರು ಕಟ್ಟುವಷ್ಟರಲ್ಲಿ ಮೀನು ವಾಪಸು ನೀರಿಗೆ ಹೋಗಬೇಕು. ನೋಡಬೇಕಾದದ್ದನ್ನು ಬಕೆಟ್ಟಿನ ನೀರಲ್ಲಿ ಬಿಟ್ಟು ನೋಡಬಹುದು. ಕಣ್ಣಿಗೆ ರೆಪ್ಪೆಯಿಲ್ಲ, ಹಾಗಾದರೆ ಮಲಗುವುದು ಹೇಗೆ? ಪಕ್ಕೆಯ ಉದ್ದಕ್ಕೂ ಚುಕ್ಕಿಚುಕ್ಕಿಯಾಗಿ ಒಂದು ಗೆರೆ ಇದೆ. ನೀರಿನ ಸಣ್ಣ ಅಲುಗಾಟವೂ ಮೀನಿಗೆ ತಿಳಿಯುವುದು ಅದರಿಂದ. ದಡದ ಮೇಲೆ ಓಡಿದರೆ ಮೀನು ಹತ್ತಿರ ಸುಳಿಯದಿರುವುದರ ಕಾರಣ ಈಗ ಮಗುವಿನ ಕಣ್ಣೆದುರಿಗೇ ಇದೆ.

ನಮ್ಮ ಕೆರೆಗಳಿಗೆ ಸಾಮಾನ್ಯವಾಗಿ ಬಿಡುವ ಮೂರು ಮೀನುಗಳು ಕಾಟ್ಲಾ, ರೋಹು, ಮೃಗಾಲ. ಮೂರನ್ನೂ ಅಕ್ಕಪಕ್ಕ ಇಟ್ಟು ಬಾಯಿಯಷ್ಟನ್ನೇ ನೋಡಲು ಮಕ್ಕಳಿಗೆ ಹೇಳಿ. ಮೀನಂಗಡಿಯಲ್ಲಾದರೂ ಆದೀತು. ಕಾಟ್ಲಾದ ದೊಡ್ಡ ಬಾಯಿ ಮೇಲ್ಮುಖವಾಗಿದೆ. ರೋಹುವಿನ ತುಟಿಗೆ ಜಾಲರಿ ಹಚ್ಚಿದಂತೆ ಅಂಚು, ಬಾಯಿ ತುಸು ಕೆಳಗೆ ಬಾಗಿದೆ. ಮೃಗಾಲದ ಬಾಯಿ ತಳದ ಕಡೆಗೆ. ಯಾವುದು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ಯಾವುದು ನಡುವೆ, ಯಾವುದು ಕೆಸರಿನಲ್ಲಿ ಎಂದು ಕೇಳಿದರೆ ಎರಡನೇ ತರಗತಿಯ ಮಗು ತಪ್ಪಿಲ್ಲದೆ ಹೇಳುತ್ತದೆ. ಒಂದೇ ಕೆರೆಯಲ್ಲಿ ಮೂರನ್ನೂ ಒಟ್ಟಿಗೆ ಸಾಕುವುದರ ಗುಟ್ಟೂ ಇದೇ, ಒಂದರ ಅನ್ನಕ್ಕೆ ಇನ್ನೊಂದು ಕೈಹಾಕುವುದಿಲ್ಲ.

ಜಿಲೇಬಿ ಮೀನಿನ ಕಥೆ ಮಕ್ಕಳಿಗೆ ಇನ್ನೂ ಇಷ್ಟ. ಆಫ್ರಿಕಾ ಮೂಲದ ಈ ಮೀನು ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ತಾಯಿ ಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅಪಾಯ ಕಂಡರೆ ಮರಿಗಳು ಮತ್ತೆ ಓಡಿಬಂದು ಅಮ್ಮನ ಬಾಯಿ ಸೇರುತ್ತವೆ. ಕೆರೆಯ ತುಂಬ ಜಿಲೇಬಿಯೇ ಯಾಕೆ ಎಂಬುದಕ್ಕೆ ಇದೂ ಒಂದು ಕಾರಣ. ನಮ್ಮ ನೀರಿನ ಸ್ವಂತ ಮೀನುಗಳಿಗೆ ಅದು ಪೈಪೋಟಿ ಕೊಡುವುದರಿಂದ ಸಿಕ್ಕಿದ ಜಿಲೇಬಿಯನ್ನು ಮನೆಗೆ ಒಯ್ದು ಸಾರು ಮಾಡಿದರೆ ಯಾರೂ ಕೊರಗಬೇಕಿಲ್ಲ.

ಬಿಡಬೇಕಾದ್ದು ಯಾವುದು, ಇಟ್ಟುಕೊಳ್ಳಬಹುದಾದ್ದು ಯಾವುದು ಎಂಬ ತಿಳಿವಳಿಕೆ ಗಾಳ ಕಲಿಸುವ ಪಾಠಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಮಲೆನಾಡಿನಲ್ಲಿ ಮುಂಗಾರು ಹಿಡಿದ ಕೂಡಲೇ ಹತ್ತುಮೀನಿನ ಸಂಭ್ರಮ. ಹೊಳೆಯ ಮೀನುಗಳು ಮೊಟ್ಟೆ ಇಡಲು ಹಳ್ಳ ಹತ್ತಿ, ತೋಡು ಹತ್ತಿ ಗದ್ದೆಗೆ ಬರುತ್ತವೆ. ಕೂಳಿ ಹಿಡಿದು, ಬಲೆ ಹಿಡಿದು ಊರಿಗೆ ಊರೇ ಇಳಿಯುತ್ತದೆ. ಆ ಮೀನಿನ ಹೊಟ್ಟೆ ಸೀಳಿದಾಗ ಕಾಣುವ ತತ್ತಿಯನ್ನು ಮಗುವಿಗೆ ತೋರಿಸಿ. ಒಂದು ಕಿಲೋ ತೂಕದ ರೋಹು ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಹತ್ತುಮೀನಾಗಿ ಬಂದ ತಾಯಿಯನ್ನು ಹಿಡಿದರೆ ಮುಂದಿನ ವರ್ಷ ಹೊಳೆಯಲ್ಲಿ ಏನಿರುತ್ತದೆ ಎಂದು ಒಂದೇ ಮಾತು ಕೇಳಿ, ಸುಮ್ಮನಾಗಿ. ನಮ್ಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವದು. ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನು, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲೆಯ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ, ಅವು ದೇವರ ಮೀನು. ಕಾನೂನಿನಿಂದಲೋ ಭಕ್ತಿಯಿಂದಲೋ, ಕೈ ತಡೆಯುವುದನ್ನು ನಮ್ಮವರು ಬಲ್ಲರು.

ಕೈ ತಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಬಿನಿಯೇ ಸಾಕ್ಷಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಆ ಹೊಳೆಯಲ್ಲಿ 120 ಪೌಂಡಿನ, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದಿದ್ದರು. ಒಂದನೇ ತರಗತಿಯ ಮೂರು ಮಕ್ಕಳನ್ನು ಒಟ್ಟಿಗೆ ತೂಗಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಕಾವೇರಿ ಕಣಿವೆಯ ಆ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. 2018ರಿಂದ ಜಾಗತಿಕ ಕೆಂಪುಪಟ್ಟಿಯಲ್ಲಿ ಅದರ ಹೆಸರು ಅತಿ ಗಂಡಾಂತರದ ಸಾಲಿನಲ್ಲಿದೆ.

ಮೀನು ತಿನ್ನದ ಮನೆಯ ಮಕ್ಕಳ ಗತಿ ಏನು ಎಂದು ಕೇಳುವವರಿದ್ದಾರೆ. ಮುಳ್ಳು ಚುಚ್ಚುವುದು ಹಿಂಸೆಯಲ್ಲವೇ ಎಂದು ಕೇಳುವವರೂ ಇದ್ದಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮನಸ್ಸೊಪ್ಪದ ಮಗುವಿಗೆ ಗಾಳವನ್ನೇ ಬಿಚ್ಚಿ ಕೊಡಿ, ದಾರದ ತುದಿಗೆ ಬರಿ ಹಿಟ್ಟಿನ ಉಂಡೆ ಸಾಕು. ಮೀನು ಬರುತ್ತದೆ, ಬೆಂಡು ಕುಣಿಯುತ್ತದೆ, ತಿಂದು ಹೋಗುತ್ತದೆ. ನೋಡುವುದಕ್ಕೂ ಕಾಯುವುದಕ್ಕೂ ಅಡ್ಡಿಯಿಲ್ಲ. ಇನ್ನೊಂದು ಮಗ್ಗುಲನ್ನೂ ನೋಡಬೇಕು. ಮೊಗವೀರರ, ಬೆಸ್ತರ, ಅಂಬಿಗರ, ಖಾರ್ವಿಗಳ ಮಕ್ಕಳು ಎಷ್ಟೋ ತರಗತಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿರುತ್ತಾರೆ. ಬಂಗುಡೆ ಯಾವುದು, ಭೂತಾಯಿ ಯಾವುದು, ಯಾವ ಗಾಳಿಗೆ ಯಾವ ಮೀನು ಎಂಬುದೆಲ್ಲ ಅವರಿಗೆ ಬಾಯಿಪಾಠ. ಶಾಲೆ ಅದನ್ನು ಕೇಳುವುದೇ ಇಲ್ಲ. ಮೀನಿನ ಪಾಠ ನಡೆದ ದಿನ ತರಗತಿಗೆ ಅವರೇ ಮೇಷ್ಟ್ರು. ಅವರ ತಂದೆತಾಯಿಯನ್ನು ಶಾಲೆಗೆ ಕರೆದು ಬಲೆ ಹೆಣೆಯುವುದನ್ನು ತೋರಿಸಿ ಎಂದು ಕೇಳಿ. ಕಿವಿರು ಎತ್ತಿ ಮೀನಿನ ತಾಜಾತನ ಹೇಳುವ ತಾಯಿಗಿಂತ ಒಳ್ಳೆಯ ವಿಜ್ಞಾನದ ಅತಿಥಿ ಯಾರು?

ಈಗ ತುಂಬ ಮುಖ್ಯವಾದ ಮಾತು, ಸುರಕ್ಷತೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ನೀರಿಗೆ ಬಿದ್ದು ಸಾಯುವ ಪ್ರಮಾಣ ಅತಿ ಹೆಚ್ಚಿರುವುದು 1ರಿಂದ 4 ವರ್ಷದ ಮಕ್ಕಳಲ್ಲಿ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ, ಸದ್ದಿಲ್ಲದೆ ಹೋಗಿಬಿಡುತ್ತದೆ. ಆದ್ದರಿಂದ ಇಬ್ಬರು ಮಕ್ಕಳಿಗೆ ಒಬ್ಬರಾದರೂ ದೊಡ್ಡವರು, ಅದೂ ಕೈಗೆಟಕುವಷ್ಟು ಹತ್ತಿರ. ಈಜುಡುಗೆಗಿಂತ ಮೊದಲು ತೇಲುಜಾಕೆಟ್ಟು ಕೊಳ್ಳಿ. ಮಳೆಗಾಲದ ಹೊಳೆ ಬೇಡ, ತೂಬು, ಕೋಡಿಗಳ ಹತ್ತಿರ ಬೇಡ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಹತ್ತಿರವಂತೂ ಸುಳಿಯಲೇಬಾರದು. ಅದರ ಜಾರುವ ಅಂಚಿನಿಂದ ಈಜು ಬಲ್ಲವರೂ ಮೇಲೆ ಬರಲಾರರು. ಊರ ಕೆರೆಯ ಮೀನು ಹಿಡಿಯುವ ಹಕ್ಕು ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಸೇರಿರುವುದುಂಟು, ಅವರನ್ನು ಒಂದು ಮಾತು ಕೇಳಿಯೇ ಗಾಳ ಹಾಕಿ. ಅಭಯಾರಣ್ಯದೊಳಗೆ ಮೀನು ಹಿಡಿಯುವಂತಿಲ್ಲ. ಹೊರಡುವಾಗ ಒಂದು ತುಂಡು ನೈಲಾನ್ ದಾರವನ್ನೂ ದಡದಲ್ಲಿ ಬಿಡಬೇಡಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಗಾಳ ಹಿಡಿದು ಗಂಟೆಗಟ್ಟಲೆ ನೀರಿನ ಬಳಿ ಕೂರುತ್ತಿದ್ದವರು. ಹಕ್ಕಿ, ಹುಳ, ಕಾಡಿನ ಬಗ್ಗೆ ಅವರು ಬರೆದದ್ದರ ಹಿಂದೆ ಆ ಕೂರುವ ತಾಳ್ಮೆ ಇದೆ ಎಂದು ನಾನು ನಂಬಿದ್ದೇನೆ. ನಮ್ಮ ಮಕ್ಕಳೆಲ್ಲ ತೇಜಸ್ವಿ ಆಗಬೇಕಿಲ್ಲ. ಅರ್ಧ ಗಂಟೆ ಒಂದೇ ಕಡೆ ಕೂತು ಒಂದೇ ವಸ್ತುವನ್ನು ನೋಡಬಲ್ಲವರಾದರೆ ಸಾಕು.

ಕೊನೆಯದಾಗಿ ತಂದೆತಾಯಿಗಳಲ್ಲಿ, ಶಿಕ್ಷಕರಲ್ಲಿ ನನ್ನ ಕೋರಿಕೆ. ಮಗು ಗಾಳ ಹಾಕಿ ಕೂತಾಗ ಪಾಠ ಮಾಡಬೇಡಿ. ಎಷ್ಟು ಹಿಡಿದೆ ಎಂದು ಲೆಕ್ಕ ಕೇಳಬೇಡಿ, ಪಕ್ಕದ ಮನೆಯ ಹುಡುಗನ ಬುಟ್ಟಿಗೆ ಹೋಲಿಸಬೇಡಿ. ಬರಿಗೈಯಲ್ಲಿ ಮನೆಗೆ ಬಂದ ದಿನ “ಏನೇನು ನೋಡಿದೆ?” ಎಂದು ಕೇಳಿ, ಹೇಳಿದ್ದನ್ನೆಲ್ಲ ಕೊನೆಯ ತನಕ ಕೇಳಿಸಿಕೊಳ್ಳಿ. ಈ ಭಾನುವಾರ ಕೆರೆಗೆ ಹೋಗಲಾಗದಿದ್ದರೆ ಚಿಂತೆಯಿಲ್ಲ, ಮನೆಯಲ್ಲಿರುವ ಹಳೆಯ ಕರೆಯೋಲೆ, ಕತ್ತರಿ, ಒಂದು ಕೋಲನ್ನು ಮಗುವಿನ ಮುಂದಿಟ್ಟು ನೀವೂ ಜೊತೆಗೆ ಕೂತುಕೊಳ್ಳಿ. ಫೋನು ಮಾತ್ರ ಆಚೆ ಕೋಣೆಯಲ್ಲಿರಲಿ.